ಮೈಕ್ ಕಾಕಾನ ಉದ್ದನೆಯ ವಾಯರು

ಕಾಕಾನ ಎಡಗಿವಿ ಕೇಳುತ್ತಿರಲಿಲ್ಲ. ಹರೆಯದಿಂದಲೂ ಮೈಕಿನ ಭೋಂಗಾಗಳ ಪಕ್ಕದಲ್ಲೇ ನಿಂತು ನಿಂತು ಆ ಕಿವಿ ಕೆಲಸ ಬಿಟ್ಟಿತ್ತು. ಯಾರಾದರೂ ಮಾತಾಡಿಸಿದರೆ ಕತ್ತು ಓರೆ ಮಾಡಿ, ಬಲಗಿವಿ ಮುಂದೆ ಚಾಚಿ, ಕಣ್ಣು ಕಿರಿದು ಮಾಡಿಕೊಂಡು ನಿಲ್ಲುತ್ತಿದ್ದ. ಗೊತ್ತಿಲ್ಲದವರಿಗೆ ಅದು ಅನುಮಾನದ ನೋಟದಂತೆ ಕಾಣುತ್ತಿತ್ತು. ದೊಡ್ಡ ದೊಡ್ಡ ಪುಢಾರಿಗಳು ಆ ನೋಟದ ಮುಂದೆ ತಡವರಿಸಿದ್ದನ್ನು ನಾನೇ ಕಂಡಿದ್ದೇನೆ. ಊರಿಗೆಲ್ಲ ಮಾತು ಕೇಳಿಸುವವನಿಗೇ ಕಿವಿ ಕೇಳುವುದಿಲ್ಲ ಎಂದು ಪೇಟೆಯವರು ನಗುತ್ತಿದ್ದರು. ಅವನೂ ನಗುತ್ತಿದ್ದ. "ಅದಕ್ಕಽ ನೋಡ್ರಿ ನನ್ನ ಮೈಕ್ ಚಂದ ಇರ್ತೈತಿ. ನನಗ ಕೇಳಿಸ್ತಂದ್ರ ಎಲ್ಲಾರಿಗೂ ಕೇಳಿಸ್ತು ಅಂತ ತಿಳೀರಿ" ಎನ್ನುತ್ತಿದ್ದ.

ವಿಜಯಪುರದ ಜೋರಾಪುರ ಪೇಟೆಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಅವನ ಅಂಗಡಿ. ಮದುವೆ, ಮುಂಜಿವೆ, ಚುನಾವಣೆ, ಎಲ್ಲದಕ್ಕೂ ಅವನದೇ ಮೈಕು. ಎಲ್ಲ ಪಕ್ಷದವರಿಗೂ ಕೊಡುತ್ತಿದ್ದ. ಇಂದು ಒಬ್ಬ ಬೈದ ಭೋಂಗಾದಲ್ಲೇ ನಾಳೆ ಬೈಸಿಕೊಂಡವನು ಉತ್ತರ ಕೊಡುತ್ತಿದ್ದ. ಬೇರೆಯವರ ಹಾಗೆ ಹಲೋ ಹಲೋ ಅನ್ನುವ ಅಭ್ಯಾಸ ಕಾಕಾನಿಗೆ ಇರಲಿಲ್ಲ. ಮೈಕು ಬಾಯಿ ಹತ್ತಿರ ಹಿಡಿದು, "ಕೇಳಸ್ತೈತೇನ್ರಿ ಹಿಂದ?" ಎಂದು ಕೇಳುತ್ತಿದ್ದ. ಕಟ್ಟಕಡೆಯ ಸಾಲಿನಿಂದ ಯಾರಾದರೂ ಕೈ ಎತ್ತುವವರೆಗೂ ಮೈಕು ಕೈಬಿಡುತ್ತಿರಲಿಲ್ಲ. ಪಕ್ಕದಲ್ಲಿ ಶಾಲು ಹೊದ್ದ ಮುಖಂಡರು ಕಾಲು ಬದಲಿಸುತ್ತ ಕಾಯಬೇಕು. ಕಾದರೆ ಕಾಯಲಿ, ಅವನಿಗೇನು!

ನನ್ನ ಬಾಯಿ ಬಿಡಿಸಿದವನೂ ಅವನೇ. ಶಾಲೆಯಲ್ಲಿ ಧ್ವಜ ಹಾರಿಸಿದ ದಿನ ನನ್ನದೊಂದು ಭಾಷಣವಿತ್ತು. ನಾನೋ ಗೇಣುದ್ದದ ಹುಡುಗಿ, ಮೈಕಿನ ಸ್ಟ್ಯಾಂಡು ನನಗಿಂತ ಎತ್ತರ. ಮಾಸ್ತರರು ಸ್ಟೂಲು ತರಲು ಓಡಿದರು. ಕಾಕಾ ಅವರನ್ನು ತಡೆದ. "ಆಕಿ ಯಾಕ ಏರಬೇಕ್ರಿ ಸರ್? ಮೈಕ್ ಇಳೀತೈತಲ್ಲ" ಎಂದು ತಿರುಪು ಸಡಿಲಿಸಿ, ಸ್ಟ್ಯಾಂಡನ್ನು ನನ್ನ ಗದ್ದದ ಮಟ್ಟಕ್ಕೆ ತಂದು ನಿಲ್ಲಿಸಿದ. ಆಮೇಲೆ ಬಗ್ಗಿ ನನಗಷ್ಟೇ ಕೇಳುವ ಹಾಗೆ ಹೇಳಿದ: "ಮೈಕ್ ನಿನ್ನ ಬಾಯಿ ಹತ್ರ ಬರಬೇಕು ಬೇ. ನೀ ಅದರ ಬೆನ್ನ ಹತ್ತಬ್ಯಾಡ. ಹ್ಞಾಂ, ಈಗ ಮಾತಾಡು."

ಮಾತಾಡಿದೆ. ಅವತ್ತು ಶುರುವಾದದ್ದು ಇನ್ನೂ ನಿಂತಿಲ್ಲ. ವಿಜಯಪುರದ ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ಈಗಲೂ ಅದೇ ಮಾಡುತ್ತಿದ್ದೇನೆ.

ಬಬಲೇಶ್ವರಕ್ಕೂ ಜೈನಾಪುರಕ್ಕೂ ನಡುವೆ ಬಯೋಮಾಸ್ ವಿದ್ಯುತ್ ಘಟಕ ಬರುತ್ತದೆ ಎಂಬ ಸುದ್ದಿ ಎದ್ದಾಗ ಕಾಕಾನಿಗೆ ಕೈತುಂಬ ಕೆಲಸ ಬಂತು. ಹೊಲದಲ್ಲಿ ಉಳಿಯುವ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕಬ್ಬಿನ ರವದಿ ಎಲ್ಲ ಕೊಂಡು, ಸುಟ್ಟು ಕರೆಂಟು ತೆಗೆಯುವ ಕಾರ್ಖಾನೆ ಅದು. ಬೇಕು ಎನ್ನುವವರು ತಿಕೋಟಾದಲ್ಲಿ ಸಭೆ ಮಾಡಿದರು: ರೈತನಿಗೆ ನಾಲ್ಕು ಕಾಸು, ಹುಡುಗರಿಗೆ ನೌಕರಿ. ಬೇಡ ಎನ್ನುವವರು ಬಬಲೇಶ್ವರದಲ್ಲಿ ಮಾಡಿದರು: ಹೊಗೆ, ಬೂದಿ, ಬೋರಿನ ನೀರು. ಎರಡೂ ಕಡೆ ಕಾಕಾನ ಭೋಂಗಾ. ಗಾಂಧಿ ಚೌಕದ ಚಹಾದಂಗಡಿಗಳಲ್ಲೂ ಜನ ಎರಡು ಹೋಳಾಗಿ ಕೂತು ಜಗಳಾಡುತ್ತಿದ್ದರು.

ನಮ್ಮಿಬ್ಬರಲ್ಲೂ ಜಗಳ ಹತ್ತಿತು. ನಾನು ಬೇಡ ಎನ್ನುವವಳು. ಕಾಕಾ ಬೇಕೇ ಬೇಕು ಎನ್ನುವವನು. ಸಂಜೆ ಕೋರ್ಟಿನಿಂದ ಬಂದು ಅವನ ಅಂಗಡಿಯ ಬಾಕಿನ ಮೇಲೆ ಕೂತರೆ ಅದೇ ಮಾತು.

"ಕರೆಂಟ್ ಹೋತಂದ್ರ ಜನರೇಟರ್ ಹೊತಗೊಂಡ ತಿರಗಾಂವ ನಾನು. ನಿನಗೇನ್ ಗೊತ್ತು ಅದರ ತ್ರಾಸ? ಬರಲಿ ಬಿಡ ಬೇ ಫ್ಯಾಕ್ಟರಿ."

"ಬರತೈತಿ. ಆದ್ರ ಜೈನಾಪುರದ ಹೆಣ್ಮಕ್ಕಳ ಒಲಿ ಆರಿ ಹೋಗ್ತೈತಿ ಕಾಕಾ."

ಜೈನಾಪುರ ನನ್ನ ಅವ್ವನ ತವರು. ಅಲ್ಲಿ ಸೋದರಮಾವನ ಹೊಲದಲ್ಲಿ ತೊಗರಿ ಕೊಯ್ಯಲು ಬರುವ ಹೆಂಗಸರಿಗೆ ಕೂಲಿ ಬೇರೆ, ಕಟ್ಟಿಗೆ ಬೇರೆ. ಕಾಳು ಬಡಿದುಕೊಂಡ ಮೇಲೆ ಉಳಿಯುವ ತೊಗರಿ ಕಟ್ಟಿಗೆಯನ್ನು ಕೊಯ್ದವರೇ ಹೊರೆ ಕಟ್ಟಿ ಮನೆಗೆ ಒಯ್ಯಬೇಕು. ಅದು ಯಾರೂ ಬರೆದಿಟ್ಟ ಕರಾರಲ್ಲ, ನಡೆದು ಬಂದ ರೀತಿ. ಸ್ವಂತ ತುಂಡು ನೆಲವಿಲ್ಲದ ಆ ಮನೆಗಳಲ್ಲಿ ವರ್ಷವೆಲ್ಲ ರೊಟ್ಟಿ ಬೇಯುವುದು ಅದರ ಮೇಲೆ. ಯೋಜನೆಯ ಕಾಗದದಲ್ಲಿ ಮಾತ್ರ ಅದನ್ನು ವ್ಯರ್ಥ ಎಂದು ಕರೆದಿದ್ದರು. ಯಾರ ಒಲೆಯ ಮುಂದೆ ಕೂತು ವ್ಯರ್ಥ ಎಂದು ಬರೆದರೋ ಪುಣ್ಯಾತ್ಮರು! ಬೇಕೆನ್ನುವವರು, ಬೇಡವೆನ್ನುವವರು ಇಬ್ಬರೂ ಒಂದೇ ಒಂದು ಸಲವೂ ಈ ಮಾತು ಎತ್ತಿರಲಿಲ್ಲ.

ಇದನ್ನೆಲ್ಲ ಕೇಳಿ ಕಾಕಾ ಕೈಯಲ್ಲಿದ್ದ ಮೈಕು ಕೆಳಗಿಟ್ಟ. ಆಮೇಲೆ, "ಖರೇ ಐತಿ. ಆದ್ರ ಅದನ್ನ ಅವರು ಹೇಳಲಿ. ನೀ ಯಾಕ ಅವರ ಬಾಯಿಲೆ ಮಾತಾಡಾಕತ್ತಿ?" ಎಂದ.

ನನಗೆ ಸಿಟ್ಟು ಬಂತು. "ಅವರು ಸ್ಟೇಜ್ ಏರಂಗಿಲ್ಲ ಕಾಕಾ. ಅಷ್ಟ ಮಂದಿ ಸಾಹೇಬ್ರ ಮುಂದ ಹೆಂಗ ಏರಬೇಕು?"

ಮರುದಿನ ಬೆಳಿಗ್ಗೆ ನೋಡಿದರೆ ಕಾಕಾ ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹಳೆಯ ವಾಯರಿನ ತುಂಡುಗಳನ್ನು ಒಂದಕ್ಕೊಂದು ಬೆಸೆದು ಕರಿ ಟೇಪು ಸುತ್ತುತ್ತಿದ್ದ. ಇಷ್ಟುದ್ದ ಯಾಕೆ ಎಂದು ಕೇಳಿದೆ. ಎಡಗಿವಿ ನನ್ನ ಕಡೆಗಿತ್ತು, ಹಾಗಾಗಿ ಕೇಳಿಸಲಿಲ್ಲವೆಂದು ತಿಳಿದೆ.

ಸಾರ್ವಜನಿಕ ಅಹವಾಲು ಸಭೆ ಬಬಲೇಶ್ವರದಲ್ಲಿ ನಡೆಯಿತು. ದೊಡ್ಡ ಶಾಮಿಯಾನ, ಮುಂದೆ ವೇದಿಕೆ, ವೇದಿಕೆಯ ಮೇಲೆ ಅಧಿಕಾರಿಗಳು ಮತ್ತು ಘಟಕ ತರಲೇಬೇಕೆಂದು ಹಟ ಹಿಡಿದಿದ್ದ ಮುಖಂಡ. ಶಾಮಿಯಾನ, ಊಟ, ಕಾಕಾನ ಮೈಕಿನ ಬಾಡಿಗೆ ಎಲ್ಲ ಅವನ ಕಡೆಯಿಂದಲೇ. ಜೈನಾಪುರದ ಹೆಂಗಸರು ಕೊನೆಯಲ್ಲಿ, ನೀರಿನ ಡ್ರಮ್ಮಿನ ಹತ್ತಿರ ನೆಲದ ಮೇಲೆ ಕೂತಿದ್ದರು. ಅವರ ನಡುವೆ ತೊಗರಿ ಕೊಯ್ಲಿನಲ್ಲಿ ಸದಾ ಮುಂದಿರುವ ಮುದುಕಿ ಇದ್ದಳು. ಊರವರೆಲ್ಲ ಅವಳನ್ನು ಆಯಿ ಎನ್ನುತ್ತಾರೆ.

ಭಾಷಣಗಳು ಮುಗಿದವು. ನಾನೂ ವೇದಿಕೆ ಹತ್ತಿ ನನ್ನ ಆಕ್ಷೇಪಣೆ ಓದಿದೆ. ಇನ್ನು ಯಾರಾದರೂ ಮಾತಾಡುವವರಿದ್ದರೆ ಮೇಲೆ ಬರಬೇಕು ಎಂದು ಅಧಿಕಾರಿ ಕರೆದರು. ನಾನು ಆಯಿಯ ಕಡೆ ನೋಡಿದೆ. ಅವಳು ತಲೆ ಅಲ್ಲಾಡಿಸಿ ಸೆರಗು ಮುಂದೆ ಎಳೆದುಕೊಂಡಳು. ಮುಖಂಡ ಎದ್ದು ನಿಂತು, "ಆತಲ್ರಿ ಸಾಹೇಬ್ರ, ಊರವರದು ಏನೂ ತಕರಾರಿಲ್ಲ ಅಂತ ಬರಕೋರಿ" ಎಂದ.

ಆಗ ವೇದಿಕೆಯ ಪಕ್ಕ ಮೈಕಿನ ಮಷಿನ್ ಮುಂದೆ ಕೂತಿದ್ದ ಕಾಕಾ ಎದ್ದ. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಮೊಣಕಾಲೆತ್ತರದ ಗಿಡ್ಡ ಸ್ಟ್ಯಾಂಡು. ಜನರ ನಡುವೆಯೇ ವಾಯರು ಎಳೆಯುತ್ತ ಹಿಂದೆ ನಡೆದ. ಕೂತವರು ಕಾಲೆತ್ತಿ ದಾರಿ ಬಿಟ್ಟರು.

"ಏ, ಯಾರ ಹೇಳ್ಯಾರ ನಿನಗ? ವಾಪಸ್ ತಗೊಂಡ ಬಾ!" ಎಂದು ಮುಖಂಡ ಕೂಗಿದ.

ಕಾಕಾ ನಡೆಯುತ್ತಲೇ ತನ್ನ ಎಡಗಿವಿಯನ್ನು ವೇದಿಕೆಯ ಕಡೆ ತಿರುಗಿಸಿದ. ಶಾಮಿಯಾನದ ಕೆಳಗಿದ್ದ ಅರ್ಧ ಜನಕ್ಕೆ ಆ ಕಿವಿಯ ವಿಷಯ ಗೊತ್ತು. ನಗು ಎದ್ದಿತು. ಅವನು ನಗಲಿಲ್ಲ. ಆಯಿಯ ಮುಂದೆ ಸ್ಟ್ಯಾಂಡು ಇಟ್ಟು ಮೈಕು ಸಿಕ್ಕಿಸಿದ. ಅವಳು ಏಳಲು ಹೋದಳು.

"ಏಳಬ್ಯಾಡ ಆಯಿ. ಕುಂತಽ ಹೇಳು."

ಆಯಿ ಮೈಕನ್ನು ನೋಡಿದಳು, ನನ್ನನ್ನು ನೋಡಿದಳು. "ನಾ ಭಾಷಣಾ ಮಾಡಾಕಿ ಅಲ್ರಿ. ತೊಗರಿ ನಾವು ಕೊಯ್ತೀವಿ, ಕಟಗಿ ನಾವು ಒಯ್ತೀವಿ. ನಮ್ಮತ್ತಿ ಕಾಲದಾಗಿಂದ ಹಿಂಗಽ ಐತಿ. ಅದನ್ನ ಕಂಪನಿಯವರು ಒಯ್ದ್ರ ನಾವು ರೊಟ್ಟಿ ಯಾದರ ಮ್ಯಾಲ ಬೇಯಸಬೇಕ್ರಿ?"

"ಸಿಲಿಂಡರ್ ಕೊಟ್ಟಾರಲ್ಲ ನಿಮಗ?" ಎಂದಿತು ವೇದಿಕೆ.

"ಕೊಟ್ಟಾರ್ರಿ. ಮೂಲ್ಯಾಗ ಬರೇ ನಿಂತೈತಿ. ನಮ್ಮ ಕೂಲ್ಯಾಗ ಅದನ್ನ ತುಂಬಸಾಕ ಆಗವಲ್ದು."

ಮುಖಂಡನ ಕಡೆಯ ಒಬ್ಬ ದಾಪುಗಾಲು ಹಾಕಿ ಬಂದು ಕಾಕಾನ ಬಲಗಿವಿಗೇ ಬಾಯಿ ಇಟ್ಟ. "ಬಂದ್ ಮಾಡಲೇ ಅದನ್ನ!"

"ಮಷಿನ್ ಒಂದಽ ಐತಪ್ಪಾ," ಎಂದ ಕಾಕಾ, ಎಲ್ಲರಿಗೂ ಕೇಳುವ ಹಾಗೆ. "ಇದು ಬಂದ್ ಆದ್ರ ಸ್ಟೇಜಿಂದೂ ಬಂದ್ ಆಗ್ತೈತಿ. ಮಾಡ್ಲೇನು?"

ಬಂದವನು ಬಂದ ದಾರಿ ಹಿಡಿದ. ಆಯಿಯ ನಂತರ ಅವಳ ಪಕ್ಕದವಳು, ಅವಳ ನಂತರ ಇನ್ನೊಬ್ಬಳು ಮೈಕು ಎಳೆದುಕೊಂಡರು. ಅಧಿಕಾರಿ ಬರೆದುಕೊಂಡೇ ಬರೆದುಕೊಂಡರು. ಕಟ್ಟಿಗೆಯ ಹಕ್ಕಿನ ವಿಷಯ ಇತ್ಯರ್ಥವಾಗದೆ ಮುಂದುವರಿಯಲಾಗದು, ತಿಕೋಟಾದಲ್ಲಿ ಮತ್ತೊಮ್ಮೆ ಅಹವಾಲು ಕೇಳುತ್ತೇವೆ ಎಂದು ಸಭೆ ಮುಗಿಸಿದರು.

ವಾಪಸು ಬರುವಾಗ ಟೆಂಪೋದಲ್ಲಿ ಭೋಂಗಾಗಳ ಜತೆ ನಾನೂ ಕೂತಿದ್ದೆ. ಖುಷಿ ತಡೆಯಲಾಗಲಿಲ್ಲ. "ಅಂತೂ ನಮ್ಮ ಕಡಿ ಬಂದಿ ನೋಡ ಕಾಕಾ!" ಎಂದೆ.

"ಯಾರ ಹೇಳಿದ್ರು? ನನಗ ಫ್ಯಾಕ್ಟರಿ ಬೇಕಽ ಬೇಕು," ಎಂದ ಕಾಕಾ, ಕತ್ತು ಓರೆ ಮಾಡಿ. "ಆದ್ರ ಆಕೀನ ಕೇಳಿ ತರಬೇಕು. ಕೇಳದ ತಂದ ಕರೆಂಟಿನಾಗ ನನ್ನ ಮೈಕ್ ಹಚ್ಚಂಗಿಲ್ಲ."

ನನ್ನ ವಾದ ಗೆಲ್ಲಬೇಕೆಂದು ಅವನು ವಾಯರು ಬೆಸೆದಿರಲಿಲ್ಲ. ತನ್ನ ವಾದ ಸೋತರೂ ಚಿಂತೆಯಿಲ್ಲ, ಆ ಮುದುಕಿಯ ಮಾತು ಕೇಳಬೇಕು ಎಂದು ಬೆಸೆದಿದ್ದ. ಇಂಥ ಗಟ್ಟಿ ಮನುಷ್ಯನನ್ನು ನಾನು ಕೋರ್ಟಿನಲ್ಲೂ ಕಂಡಿಲ್ಲ.

ಮುಂದಿನ ಚುನಾವಣೆಯಲ್ಲಿ ಆ ಮುಖಂಡನ ಕಡೆಯವರು ಕಾಕಾನ ಅಂಗಡಿಯ ಕಡೆ ಹಾಯಲಿಲ್ಲ. ಅವರ ಪ್ರಚಾರದ ಗಾಡಿಗಳು ಬೇರೆಯವರ ಭೋಂಗಾ ಕಟ್ಟಿಕೊಂಡು ಬೀದಿ ತುಂಬ ಓಡಾಡುವಾಗ ಅವನು ಬಾಕಿನ ಮೇಲೆ ಕೂತು ಭೋಂಗಾ ಒರೆಸುತ್ತಿದ್ದ. ನಾನು ಮರುಗಿದರೆ, "ಮದುವಿ ಸೀಜನ್ ಬರತೈತಿ ಬಿಡ ಬೇ. ಜನ ಮದುವಿ ಆಗೂದ ಬಿಟ್ಟಾರೇನು?" ಎಂದು ನನ್ನನ್ನೇ ನಗಿಸುತ್ತಿದ್ದ.

ಮದುವೆಗಳು ಬಂದವು. ಕಾಕಾ ಉಳಿಯಲಿಲ್ಲ. ಒಂದು ಬೆಳಿಗ್ಗೆ ಎದೆ ನೋವೆಂದವನನ್ನು ಆಸ್ಪತ್ರೆಗೆ ಒಯ್ಯುವಷ್ಟರಲ್ಲೇ ಹೋಗಿಬಿಟ್ಟ. ಅವನ ಬಲಗಿವಿಯ ಹತ್ತಿರ ಬಾಯಿ ಇಟ್ಟು ಕಾಕಾ, ಕಾಕಾ ಎಂದು ಕೂಗಿದ್ದು ನೆನಪಿದೆ. ನನ್ನ ಅಪ್ಪ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ. ದುಃಖದ ದಿನಗಳೆಲ್ಲ ಮುಗಿದ ಮೇಲೆ ಅವನ ಹೆಂಡತಿ ಕಾಕೂ ಅಂಗಡಿಯ ಸಾಮಾನು ಮಾರಿದಳು. ಆ ಉದ್ದನೆಯ ವಾಯರನ್ನು ಮಾತ್ರ ನಾನು ಕೇಳಿ ಇಸಿದುಕೊಂಡೆ.

ಮುಂದೆ ಮುಂದೆ ಹೋಗಿ ಕೊನೆಗೂ ನಡೆದ ತಿಕೋಟಾದ ಅಹವಾಲು ಸಭೆಗೆ ಅದನ್ನು ಸ್ಕೂಟಿಯ ಮುಂದೆ ಇಟ್ಟುಕೊಂಡೇ ಹೋದೆ. ಬೇರೆ ಯಾರದೋ ಮೈಕು, ಆಳೆತ್ತರದ ಕರಿ ಡಬ್ಬಿಗಳು. ಹೆಂಗಸರು ಮತ್ತೆ ಕೊನೆಯ ಸಾಲಿನಲ್ಲೇ. ಮೈಕನ್ನು ಅಲ್ಲಿಗೆ ಒಯ್ಯಿರಿ ಎಂದರೆ, ವಾಯರು ಮುಟ್ಟುವುದಿಲ್ಲ ಮೇಡಂ ಎಂದ ಮೈಕಿನವನು. ಕರಿ ಟೇಪು ಸುತ್ತಿದ ಸುರುಳಿಯನ್ನು ಅವನ ಮುಂದೆ ಇಟ್ಟೆ. "ಇದು ಮುಟ್ಟತೈತಿ. ಹಚ್ಚು."

ಹಚ್ಚಿದ. ಮೈಕು ಆಯಿಯ ಕೈಗೆ ಹೋಯಿತು. ಅವಳು ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿ, ವೇದಿಕೆಯನ್ನು ನೇರ ನೋಡಿ ಕೇಳಿದಳು:

"ಕೇಳಸ್ತೈತೇನ್ರಿ ಮುಂದ?"

ವೇದಿಕೆಯ ಮೇಲೆ ಯಾರೂ ಅಲುಗಲಿಲ್ಲ. ಆಯಿ ಮಾತು ಶುರು ಮಾಡಲಿಲ್ಲ. ಮೈಕು ಹಿಡಿದು ಕಾಯುತ್ತ ಕೂತಳು. ಕೊನೆಗೆ ಅಧಿಕಾರಿ ಕೈ ಎತ್ತಿದರು.