ಅವ್ವನ ಬಾಯಲ್ಲಿ ಸೂಪರ್

ಸೂಪರ್ ಎಂಬ ಮಾತಿಗೆ ಇಂಗ್ಲಿಷಿನವರು ಏನು ಬೆಲೆ ಕೊಡುತ್ತಾರೋ ನನಗೆ ಗೊತ್ತಿಲ್ಲ. ನಾವಿರುವ ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ಮಾತ್ರ ಅದು ನಮ್ಮೂರ ಸಂತೆಯ ಕರಿಬೇವಿನ ಹಾಗೆ, ಕೇಳದಿದ್ದರೂ ಚೀಲಕ್ಕೆ ಬೀಳುತ್ತದೆ. ಬೇಕರಿಯಲ್ಲಿ ಸರಿಯಾದ ಚಿಲ್ಲರೆ ಕೊಟ್ಟರೆ ಸೂಪರ್. ಹಲ್ಲಿನ ಡಾಕ್ಟರು ಹೇಳಿದ ದಿನಕ್ಕೆ ಒಪ್ಪಿಕೊಂಡರೆ ಸೂಪರ್. ಪೆಟ್ರೋಲ್ ಬಂಕಿನಲ್ಲಿ ಒಂದು ಬಗೆಯ ಪೆಟ್ರೋಲಿನ ಹೆಸರೇ ಸೂಪರ್. ಕಾರು ಕಂಪನಿಯಲ್ಲಿ ಎಂಜಿನಿಯರಾಗಿರುವ ನಮ್ಮ ಮನೆಯವರು, ಬಂದ ಹೊಸದರಲ್ಲಿ ಬಾಸ್ ಬಾಯಿಂದ ಈ ಮಾತು ಕೇಳಿ ಪ್ರಮೋಷನ್ನೇ ಸಿಕ್ಕಿತೆಂದು ಹಿಗ್ಗಿದ್ದರು. ಆಮೇಲೆ ನೋಡಿದರೆ ಆ ಮನುಷ್ಯ ಕಿಟಕಿ ಮುಚ್ಚಿದವರಿಗೂ ಸೂಪರ್ ಅನ್ನುತ್ತಿದ್ದನಂತೆ.

ನಾನು ಬೆಳೆದ ಬಾಗಲಕೋಟೆಯ ಮನೆಯಲ್ಲಿ ಹೊಗಳಿಕೆಗೆ ಇದ್ದದ್ದು ಒಂದೇ ಮಾತು, ಅಡ್ಡಿ ಇಲ್ಲ. ಅದೂ ಅಪರೂಪಕ್ಕೆ. ಅವ್ವ ಅದನ್ನು ನನ್ನ ಪಿಯುಸಿ ರಿಸಲ್ಟಿಗೆ ಹೇಳಿದ್ದಳು, ನಮ್ಮ ಮನೆಯವರು ನನ್ನನ್ನು ನೋಡಲು ಬಂದು ಹೋದ ಮೇಲೆ ಹೇಳಿದ್ದಳು. ನನ್ನ ಜೋಳದ ರೊಟ್ಟಿಗೆ ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ಹೋದ ಬೇಸಿಗೆಯಲ್ಲಿ ಅವ್ವ ನಮ್ಮಲ್ಲಿಗೆ ಬಂದಾಗ ಈ ಸಲ ಆ ಮಾತು ಹೇಳಿಸಿಯೇ ಕಳಿಸಬೇಕೆಂದು ನಾನು ಒಳಗೊಳಗೇ ಹಟ ಹಿಡಿದಿದ್ದೆ.

ಸೂಪರ್ ಅವ್ವನಿಗೆ ಹೊಸದಲ್ಲ, ಟಿವಿಯಲ್ಲಿ ದಿನಾ ಕೇಳಿದ್ದಳು. ಅದು ಜರ್ಮನ್ ಭಾಷೆಯಲ್ಲೂ ನಡೆಯುತ್ತದೆಂದು ನನ್ನ ಮಗಳು ಹೇಳಿದ್ದೇ ತಡ, ಅವ್ವನನ್ನು ಹಿಡಿಯುವವರೇ ಇಲ್ಲವಾಯಿತು. ಒಂದು ಗಳಿಗೆ ಕಾದು ನಿಂತ ಬಸ್ಸಿನ ಡ್ರೈವರಿಗೆ ಸೂಪರ್, ಪಾರ್ಕಿನಲ್ಲಿ ಎದುರಾದ ನಾಯಿಗೆ ಸೂಪರ್. ಒಂದು ಭಾನುವಾರ ಅವ್ವ ದಬದಬ ರೊಟ್ಟಿ ಬಡಿಯುತ್ತಿದ್ದಾಗ ಕೆಳಗಿನ ಮನೆಯ ಅಜ್ಜಿ ಹತ್ತಿ ಬಂದು ಬೆಲ್ ಮಾಡಿದರು. ಇಲ್ಲಿ ಭಾನುವಾರ ಸದ್ದು ಮಾಡುವಂತಿಲ್ಲ. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವ್ವ ಬಿಸಿ ರೊಟ್ಟಿಯೊಂದನ್ನು ಅವರ ಕೈಗಿಟ್ಟು, ಅವರಿಗಿಂತ ಮೊದಲೇ ಸೂಪರ್ ಎಂದಳು. ಕೊಡುವವಳೇ ಹಾಗಂದ ಮೇಲೆ ಪಾಪ, ತಿನ್ನುವವರು ಏನಂದಾರು?

ಮರುದಿನ ಆ ಅಜ್ಜಿ ಕೇಕ್ ತಂದುಕೊಟ್ಟರು. ಅವ್ವ ಒಂದು ತುಣುಕು ಬಾಯಿಗೆ ಹಾಕಿಕೊಂಡು, ತಲೆಯಾಡಿಸಿ, ಸೂಪರ್ ಎಂದಳು. ಬಾಗಿಲು ಮುಚ್ಚಿದ ಕೂಡಲೇ ಉಳಿದದ್ದನ್ನು ನನ್ನತ್ತ ಸರಿಸಿ, ಇದನ್ನು ಅವರು ಹೇಗೆ ತಿನ್ನುತ್ತಾರೆಂದು ಮುಖ ಹಿಂಡಿದಳು.

ನನ್ನ ರೊಟ್ಟಿಗೆ ಮಾತ್ರ ದಿನಕ್ಕೊಂದು ತೀರ್ಪು. ಒಂದು ದಿನ ಹಸಿ, ಇನ್ನೊಂದು ದಿನ ಅಂಚು ಸೀಳಿದೆ. ಇಂಡಿಯನ್ ಅಂಗಡಿಯ ಹಿಟ್ಟೇ ಹಳೆಯದು, ಅದರಲ್ಲಿ ಅಂಟಿಕೊಳ್ಳುವ ಜಿಗಿ ಇಲ್ಲ ಎಂದು ನಾನಂದರೆ, ನಾದುವ ಕೈಯಲ್ಲಿ ಜಿಗಿ ಇರಬೇಕು ಎನ್ನುತ್ತಿದ್ದಳು. ಊರ ನಾಯಿಗೆಲ್ಲ ಸೂಪರ್, ಹೆತ್ತ ಮಗಳಿಗೆ ಒಂದು ಅಡ್ಡಿ ಇಲ್ಲ ಕೂಡ ಇಲ್ಲವೇ ಎಂದು ಸಿಟ್ಟು ಬಂದು ಹಂಚನ್ನು ಕುಕ್ಕಿದ್ದೂ ಉಂಟು. ಅವ್ವ ಹಂಚು ಸರಿಯಾಗಿ ಕಾದಿಲ್ಲ ಎಂದಳು.

ಅವಳು ಹೊರಡುವ ಹಿಂದಿನ ದಿನ ರೊಟ್ಟಿಗೆ ಜೊತೆಯಾಗಿ ಬದನೆಕಾಯಿ ಎಣಗಾಯಿ ಮಾಡಿದ್ದೆ. ಅವ್ವ ತುತ್ತು ಮುರಿದಳು. ನಾನು ಒಲೆಯ ಕಡೆ ಮುಖ ಮಾಡಿ, ಕಿವಿಯನ್ನೆಲ್ಲ ಅವಳ ಕಡೆ ಇಟ್ಟು ನಿಂತಿದ್ದೆ.

"ಸೂಪರ್ ಆಗ್ಯಾವ" ಎಂದಳು.

ಹಿಗ್ಗಬೇಕಿತ್ತು. ಆಗಲಿಲ್ಲ. ಬಸ್ಸಿನವನಿಗೆ, ನಾಯಿಗೆ, ಬಾಯಿಗೆ ಹಿಡಿಸದ ಕೇಕಿಗೆ ಕೊಟ್ಟದ್ದನ್ನೇ ನನಗೂ ಕೊಟ್ಟಿದ್ದಳು. ಅವ್ವ ನನ್ನ ಮನೆಯಲ್ಲಿ ಬೀಗರ ಹಾಗೆ ಕೂತು ಉಣ್ಣುತ್ತಿದ್ದಾಳೆ ಅನ್ನಿಸಿ ನಿಜವಾಗಿಯೂ ಹೆದರಿದೆ.

"ಯವ್ವಾ, ಖರೇ ಹೇಳು."

ಅವ್ವ ತಟ್ಟೆಯತ್ತ ಕಣ್ಣು ಇಳಿಸಿದಳು. "ನಾಳೆ ಹೋಗಾಕಿ ನಾನು. ಹೋಗೂ ಮುಂದ ನಿನಗ ಯಾಕ ಬ್ಯಾಸರ ಮಾಡ್ಲಿ ಅಂತ ಅಂದೆ."

"ಬ್ಯಾಸರ ಮಾಡೇ ಹೋಗು" ಎಂದೆ.

ಅವ್ವ ರೊಟ್ಟಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅವಳ ಮುಖಕ್ಕೆ ಕಳೆ ಬಂತು. ನಡುವೆ ದಪ್ಪವಾಗಿದೆ, ಅಂಚಿಗೆ ಕೈಯೇ ತಾಗಿಲ್ಲ, ಇಷ್ಟು ವರ್ಷ ಗಂಡನಿಗೆ ಇದನ್ನೇ ತಿನ್ನಿಸಿದೆಯಾ ಎಂದು ಶುರು ಮಾಡಿದವಳು ಎದ್ದು ಬಂದು ನನ್ನ ಪಕ್ಕದಲ್ಲೇ ನಿಂತು ಇನ್ನೊಂದು ಬಡಿ ಎಂದಳು. ನಾನು ಬಡಿದೆ. ಬೇಯಿಸಿ ಅವಳ ಕೈಗಿಟ್ಟೆ. ಮುರಿದು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, ನನ್ನ ಮುಖ ನೋಡಿದಳು.

"ಮುಂದಿನ ಸಲ ಬಂದಾಗ ನೋಡೂಣು" ಎಂದಳು.