ಅಂಚು ಕತ್ತರಿಸದ ದೇವಯಾನಿ ಟೀಚರ್

ಪಯ್ಯನ್ನೂರಿನ ಆಸುಪಾಸಿನಲ್ಲಿ ಹೆಜ್ಜೆಗೊಂದು ವಾಚನಶಾಲೆ ಇದೆ. ಆದರೆ ಹುಳ ಹಿಡಿದ ಹಳೆಯ ಕಾಗದಗಳನ್ನು ಪುಟಪುಟವಾಗಿ ಚಿತ್ರಕ್ಕಿಳಿಸಿ, ಅಳತೆಗೆ ಕತ್ತರಿಸಿ, ಯಾರು ಬೇಕಾದರೂ ಮನೆಯಲ್ಲೇ ಕುಳಿತು ಓದುವ ರೂಪಕ್ಕೆ ತಂದ ಕೆಲಸದ ಮಾತು ಬಂದಾಗ, ನಮ್ಮ ಸೀಮೆಯಲ್ಲಿ ಮೊದಲು ನೆನಪಾಗಬೇಕಾದ ಹೆಸರು ಪುಳಿಕ್ಕಡವು ವಾಚನಶಾಲೆಯ ಗ್ರಂಥಪಾಲಕಿ ಟಿ. ವಿ. ದೇವಯಾನಿ ಟೀಚರ್ ಅವರದು. ನೆನಪಾಗಬೇಕಾದ ಎಂದೆ, ನೆನಪಾಗುತ್ತದೆ ಎನ್ನಲಿಲ್ಲ. ಟೀಚರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟದ ಸಿದ್ಧತೆಯ ಸಭೆಯಲ್ಲಿ ಮಾನ್ಯರೊಬ್ಬರು "ಟೀಚರು ಕಂಪ್ಯೂಟರ್ ಗುಂಡಿ ಒತ್ತಿ ಒತ್ತಿ ಒಳ್ಳೆ ಸೇವೆ ಮಾಡಿದ್ರು" ಎಂದಾಗ ನನ್ನ ಮೈ ಉರಿಯಿತು. ಗುಂಡಿ ಒತ್ತಿದವನು ನಾನು. ಒತ್ತಿ ಹಾಳು ಮಾಡಿದವನೂ ನಾನೇ. ಟೀಚರ್ ಮಾಡಿದ್ದು ಬೇರೆಯೇ ಕೆಲಸ.

ಮೂರು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ, ಟೀಚರ್ ಎಂಬ ಹೆಸರನ್ನು ಹಾಗೇ ಉಳಿಸಿಕೊಂಡು, ತೊಂಬತ್ತೊಂದರಲ್ಲಿ ಅವರು ವಾಚನಶಾಲೆಗೆ ಬಂದರು. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟ ನನ್ನನ್ನು ಸ್ಕ್ಯಾನಿಂಗ್ ಕೆಲಸಕ್ಕೆ ಕರೆದು, ಟರ್ಮಿನಲ್ ಎಂಬ ಕಪ್ಪು ಕಿಟಕಿಯ ಮುಂದೆ ಕೂರಿಸಿದವರೂ ಅವರೇ. ನೂರು ಪುಟಕ್ಕೆ ನೂರು ಸಲ ಮೌಸ್ ಎಳೆಯುವ ಬದಲು ಒಂದೇ ಸಾಲು ಬರೆದು ಎಲ್ಲವನ್ನೂ ಕತ್ತರಿಸಬಹುದೆಂದು ತೋರಿಸಿಕೊಟ್ಟು, ಮೂರು ಮಾತು ಹೇಳಿದ್ದರು. "ಮೊದ್ಲು ನಕಲು ಇಟ್ಕೊ. ಆಮೇಲೆ ಒಂದೇ ಪುಟದ ಮೇಲೆ ನೋಡು. ಕಣ್ಣಾರೆ ಕಂಡ್ಮೇಲೆ ಎಲ್ಲಕ್ಕೂ ಓಡ್ಸು. ಒಂದೇ ಸಾಲು ಅಂತ ಸಲಿಗೆ ಬೇಡ ಪ್ರಜೋಷ್, ಅದು ಕತ್ತಿ."

ಎಂಟು ವರ್ಷದ ಹಿಂದೆ ನಮ್ಮೂರಿನ ಹಿರಿಯಜ್ಜಿ ಚೀಯೇಯಿಯಮ್ಮನವರು ಒಂದು ಕೈಬರಹದ ಮಾಸಪತ್ರಿಕೆಯನ್ನು ಟೀಚರ ಕೈಗಿತ್ತರು. ಐವತ್ತೊಂಬತ್ತರಲ್ಲಿ ಬೀಡಿ ಕಟ್ಟುವವರು ಬರೆದು, ಚಿತ್ರ ಬಿಡಿಸಿ, ಹೊಲಿದ ಒಂದೇ ಒಂದು ಪ್ರತಿ. ಅಂಥ ಪತ್ರಿಕೆ ಮನೆಯಿಂದ ಮನೆಗೆ ಹೋಗುತ್ತಿತ್ತು, ಓದಿದವರು ಅಂಚಿನಲ್ಲಿ ತಮ್ಮ ಅಭಿಪ್ರಾಯ ಗೀಚುತ್ತಿದ್ದರು. ಆ ಅಂಚುಗಳಲ್ಲೇ ಕುಂಞಂಬು ಎಂಬ ಬೀಡಿ ಕೆಲಸಗಾರ ಚೀಯೇಯಿಯಮ್ಮನಿಗೆ ಮಾತು ಬರೆದು, ಮುಂದೆ ಮದುವೆಯೂ ಆದರು. ಈಗ ಕುಂಞಂಬು ಇಲ್ಲ. "ಒಳಗಿನ ಕತೆ ಹೋದ್ರೆ ಹೋಗ್ಲಿ, ಅಂಚು ಹೋಗ್ಬಾರ್ದು" ಎಂದು ಆಕೆ ಹೇಳಿದ್ದರು. ಒಂದಕ್ಷರವೂ ಹೋಗದು ಎಂದು ಟೀಚರ್ ಮಾತು ಕೊಟ್ಟರು.

ಕಾಗದ ಎಷ್ಟು ಜೀರ್ಣವಾಗಿತ್ತೆಂದರೆ, ಚಿತ್ರ ತೆಗೆದು ಪುಟ ತಿರುಗಿಸುವಾಗ ಹನ್ನೊಂದು ಪುಟಗಳ ಅಂಚು ಹಪ್ಪಳದಂತೆ ಪುಡಿಯಾಯಿತು. ಪರವಾಗಿಲ್ಲ, ಚಿತ್ರದಲ್ಲಿದೆ ಎಂದುಕೊಂಡೆವು. ಮರುದಿನ ಸಮಿತಿಯವರು ಪುಟ ಚೊಕ್ಕಟವಾಗಿರಲಿ, ಬೇಗ ಆಗಲಿ ಎಂದು ನನ್ನ ತಲೆ ತಿಂದರು. ಕೋಪದಲ್ಲಿ ಕುಳಿತೆ. 'ಕನ್ವರ್ಟ್' ಎಂದು ಬರೆದಿದ್ದರೆ ಕತ್ತರಿಸಿದ ಚಿತ್ರ ಬೇರೆ ಹೆಸರಿನಲ್ಲಿ ಹುಟ್ಟುತ್ತಿತ್ತು. ನಾನು 'ಮಾಗ್ರಿಫೈ' ಎಂದು ಬರೆದೆ, ಅದು ಮೂಲ ಚಿತ್ರದ ಮೇಲೆಯೇ ಬರೆಯುತ್ತದೆ. ನಕಲಿಲ್ಲ, ಒಂದು ಪುಟದ ಪರೀಕ್ಷೆಯೂ ಇಲ್ಲ. ನಾನು ಕೊಟ್ಟ ಅಳತೆಯಲ್ಲಿ ಅಂಚುಗಳೆಲ್ಲ ಹೊರಗಿದ್ದವು. ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ ನೂರಾ ನಲವತ್ತು ಪುಟಗಳ ಅಂಚೂ ಹೋಯಿತು. ಕ್ಯಾಮೆರಾದ ಕಾರ್ಡನ್ನು ಬೆಳಿಗ್ಗೆಯೇ ಅಳಿಸಿಯಾಗಿತ್ತು. ಮಿಕ್ಕ ಪುಟಗಳನ್ನು ಮತ್ತೆ ತೆಗೆಯಬಹುದಿತ್ತು. ಆ ಹನ್ನೊಂದು ಪುಟಗಳ ಅಂಚು ಮಾತ್ರ ಕಾಗದದಲ್ಲೂ ಇಲ್ಲ, ಚಿತ್ರದಲ್ಲೂ ಇಲ್ಲ.

ನನ್ನನ್ನು ಓಡಿಸಬೇಕೆಂದು ಸಮಿತಿ ಹೊರಟಿತು. ಕಾರ್ಯದರ್ಶಿ ಭರತನ್ ಮಾಷ್, "ಈ ಮುಂಗೋಪಿಯನ್ನ ಯಾಕೆ ಇಟ್ಕೊಂಡಿದೀರಿ ಟೀಚರೇ?" ಎಂದರು.

"ತಪ್ಪು ಮಾಡೋಕೆ ಕಲ್ತಿದಾನೆ. ತಿದ್ದೋದು ಕಲೀದೆ ಕಳಿಸಿದ್ರೆ ಅರ್ಧ ಪಾಠ ಆಗತ್ತೆ ಮಾಷೇ" ಎಂದು ಹೇಳಿ ಟೀಚರ್ ಕೊಡೆ ತೆಗೆದುಕೊಂಡರು. ನನ್ನನ್ನೂ ಕರೆದರು.

ಚೀಯೇಯಿಯಮ್ಮ ಅಂಗಳದಲ್ಲಿ ಮೀನು ಹೆರೆಯುತ್ತಿದ್ದರು. ಟೀಚರ್ ನೆಲದ ಮೇಲೆಯೇ ಕುಳಿತು, ಅಕ್ಕನನ್ನು ಕರೆಯುವಂತೆ ಕರೆದರು. "ಏಚ್ಚಿ, ನಾನು ಕೊಟ್ಟ ಮಾತು ಉಳಿಸ್ಕೊಳ್ಳಲಿಲ್ಲ. ಹನ್ನೊಂದು ಪುಟದ ಅಂಚು ಕಳೆದುಹೋಯ್ತು." ನನ್ನ ಹೆಸರು ಎತ್ತಲಿಲ್ಲ. ನಾನೇ ಬಾಯಿಬಿಟ್ಟೆ.

ಆಕೆ ಕೈಯಲ್ಲಿದ್ದ ಬಂಗುಡೆಯನ್ನು ಮಡಕೆಗೆ ಹಾಕಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಇಷ್ಟು ಉದ್ದ ಬೆಳೆದಿದೀಯ, ಒಂದು ಕಾಗದ ಕತ್ತರಿಸೋಕೆ ಬರಲ್ವಾ ನಿಂಗೆ?" ಕೈ ತೊಳೆದುಕೊಂಡರು. ಆಮೇಲೆ, "ಕಾಗದ ಹೋಯ್ತು. ನಾನು ಹೋಗಿದೀನಾ? ಬಾಯಿಪಾಠ ಇದೆ ನಂಗೆ. ಪೆನ್ನು ತಾ."

ಟೀಚರ ಜಾಣ್ಮೆ ಕಂಡದ್ದು ಆಗ. ಕತ್ತರಿಸಲು ಬಳಸಿದ ಅದೇ ಸಾಧನದಿಂದಲೇ, ಹನ್ನೊಂದು ಚಿತ್ರಗಳ ಸುತ್ತ ಬಿಳಿಯ ಅಂಚು ಹೊಸದಾಗಿ ಸೇರಿಸುವ ಸಾಲನ್ನು ನನ್ನಿಂದಲೇ ಬರೆಸಿದರು. ಮೊದಲು ನಕಲು, ಆಮೇಲೆ ಒಂದು ಪುಟ. ಅಚ್ಚು ಹಾಕಿ ತಂದ ಹಾಳೆಗಳ ಬಿಳಿ ಅಂಚಿನಲ್ಲಿ ಚೀಯೇಯಿಯಮ್ಮ ತಮ್ಮ ಗಂಡನ ಮಾತುಗಳನ್ನು ತಮ್ಮ ಕೈಯಾರೆ ಬರೆದರು. "ಈ ಕತೆಯ ನಾಯಕ ಶುದ್ಧ ಸೋಂಬೇರಿ, ನಾನಾದರೆ ಬೀಡಿಯನ್ನಾದರೂ ಕಟ್ಟುತ್ತೇನೆ ಅಂತ ಬರೆದಿದ್ರು ನೋಡು" ಎನ್ನುತ್ತ, ಬರೆಯುವುದಕ್ಕಿಂತ ಹೆಚ್ಚು ನಕ್ಕರು. ಮೂರು ಮಧ್ಯಾಹ್ನ ಆ ಜಗಲಿಯಲ್ಲಿ ನಾವು ಪಟ್ಟ ಸಂತೋಷವನ್ನು ಯಾವ ಸನ್ಮಾನ ಸಭೆಯಲ್ಲೂ ನಾನು ಕಂಡಿಲ್ಲ.

ಹತ್ತು ಪುಟ ಮುಗಿಯಿತು. ಹನ್ನೊಂದನೆಯದಕ್ಕೆ ಬಂದಾಗ ಆಕೆ ಪೆನ್ನಿನ ಮುಚ್ಚಳ ಹಾಕಿದರು.

"ಇದು ಮರೆತುಹೋಯ್ತಾ ಏಚ್ಚಿ?" ಎಂದು ಟೀಚರ್ ಕೇಳಿದರು.

"ಮರೀತೀನಾ? ಇದು ಊರಿಗಲ್ಲ. ನಂಗೆ."

ಪತ್ರಿಕೆ ಎಲ್ಲರಿಗೂ ತೆರೆದುಕೊಳ್ಳುವ ಹಿಂದಿನ ದಿನ ಭರತನ್ ಮಾಷ್ ಪರದೆ ನೋಡಿ, "ಈ ಒಂದು ಪುಟಕ್ಕೆ ಯಾಕಿಷ್ಟು ಖಾಲಿ ಅಂಚು? ಕತ್ತರಿಸಿಬಿಡಿ" ಎಂದರು. ಟೀಚರ್ ಕನ್ನಡಕ ತೆಗೆದರು. "ಖಾಲಿ ಇಲ್ಲ ಮಾಷೇ. ನಿಮಗೆ ಓದೋಕೆ ಬರಲ್ಲ, ಅಷ್ಟೆ."

ಆ ಅಂಚು ಇವತ್ತಿಗೂ ಹಾಗೇ ಇದೆ. ನೂರಾ ಹನ್ನೆರಡನೆಯ ಪುಟ, ಯಾರು ಬೇಕಾದರೂ ತೆರೆದು ನೋಡಬಹುದು. ಗುಂಡಿ ಒತ್ತಿದರು ಎನ್ನುವ ಮಹನೀಯರು ದಯವಿಟ್ಟು ಮೊದಲು ಅಲ್ಲಿಗೆ ಹೋಗಿ ಬರಲಿ. ಏನನ್ನು ಕತ್ತರಿಸಬಾರದು ಎಂಬುದನ್ನು ಯಾವ ಆಜ್ಞೆಯ ಸಾಲೂ ಹೇಳಿಕೊಡುವುದಿಲ್ಲ, ಟೀಚರ್ ಹೇಳಿಕೊಟ್ಟರು.

ನಮ್ಮ ಊರಿನ ಅಟ್ಟಗಳಲ್ಲಿ ಇನ್ನೂ ಹದಿನಾರು ಕೈಬರಹದ ಪತ್ರಿಕೆಗಳಿವೆ ಎಂದು ಪಟ್ಟಿ ಮಾಡಿಟ್ಟಿದ್ದೇನೆ. ಟೀಚರಿಗೆ ನಿವೃತ್ತಿ ಎಂದು ಸಮಿತಿಯ ಕಡತದಲ್ಲಿ ಬರೆದಾಗಿದೆ, ಇರಲಿ. ದೇವಯಾನಿ ಟೀಚರ್ ಅವರು ಆ ಹದಿನಾರೂ ಮುಗಿದು, ಹದಿನೇಳನೆಯದು ಎಲ್ಲಿಂದಲೋ ಸಿಕ್ಕು, ಅದೂ ಮುಗಿಯುವವರೆಗೆ ಗಟ್ಟಿಯಾಗಿ, ನಗುನಗುತ್ತ, ನನ್ನನ್ನು ಬೈಯುತ್ತ ಬಾಳಲಿ. ಸೋಮವಾರ ಬೆಳಿಗ್ಗೆ ಸ್ಕ್ಯಾನರ್ ಒರೆಸಿಟ್ಟು ಕಾಯುತ್ತಿರುತ್ತೇನೆ ಟೀಚರೇ, ಬನ್ನಿ.