ವಾರ್ನಿಶ್ ಬಳಿದ ಸಾಗುವಾನಿ

ಹಳೆಯ ಕಟ್ಟಡ ಕೆಡವುವ ಕಡೆ ಉಳಿದವರು ಕಬ್ಬಿಣಕ್ಕೆ ಮುಗಿಬಿದ್ದರೆ, ಮೊಳೆಯಣ್ಣ ತೊಲೆಗಳಿಗೆ ಮೂಗು ಹಚ್ಚುತ್ತಿದ್ದ. ಒಂದು ಚೂರು ಕೆತ್ತಿ ಮೂಸಿದಾಗ ತೊಗಲಿನಂಥ ವಾಸನೆ ಬಂದರೆ ಅದು ಸಾಗುವಾನಿ. ಆಮೇಲೆ ಕೂತು ಒಂದೊಂದೇ ಮೊಳೆ ಕೀಳುವುದು. ಹೆಸರು ಬಂದದ್ದೇ ಅದರಿಂದ. ತಲೆಮಾರುಗಟ್ಟಲೆ ಸೂರು ಹೊತ್ತು ಒಣಗಿದ ಮರ ಸುಲಭಕ್ಕೆ ಸೊಟ್ಟಗಾಗದು, ಒಳಗಿನ ಎಣ್ಣೆಗೆ ಹೆದರಿ ಗೆದ್ದಲೂ ಹತ್ತಿರ ಸುಳಿಯದು. ಅಂಥ ಮರವನ್ನು ಹಲಗೆಯಾಗಿ ಕೊಯ್ಯಿಸಿ ನೆಲಕ್ಕೆ ಹಾಸುವುದು ಅವನ ಕಸುಬು.

ಅವನ ತಂಗಿ ಕುಣಿತದ ಟೀಚರು. ಸಿಮೆಂಟಿನ ಮೇಲೆ ಕುಣಿದೂ ಕುಣಿದೂ ಮಂಡಿ ಕೆಟ್ಟಿತ್ತು. ಮೆತ್ತನೆಯ ನೆಲ ಸಿಗದಿದ್ದರೆ ಕುಣಿತಕ್ಕೆ ಕೈಮುಗಿಯಿರಿ ಎಂದಿದ್ದರು ಡಾಕ್ಟರು. ಅವಳು ಕೈಮುಗಿಯಲಿಲ್ಲ, ಸ್ವಂತ ಕುಣಿತದ ಶಾಲೆಗೆಂದು ಒಂದು ಹಾಲ್ ಬಾಡಿಗೆಗೆ ಹಿಡಿದಳು. ಅಣ್ಣ ಹಳೆಯ ಗೋದಾಮಿನ ತೊಲೆಗಳನ್ನು ತಂದ. ಅಡಿಯಲ್ಲಿ ರೀಪಿನ ಪಟ್ಟಿಗಳನ್ನು ಕೊಟ್ಟು, ತುಳಿದರೆ ತುಸುವೇ ಬಾಗುವಂತೆ ಹಲಗೆ ಹಾಸಿದ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಸಾಗುವಾನಿಗೆ ವಾರ್ನಿಶ್ ಬಳಿಯುವುದೆಂದರೆ ನವಿಲಿಗೆ ಸೀರೆ ಉಡಿಸಿದ ಹಾಗೆ ಎಂದು ಗಿರಾಕಿಗಳಿಗೆಲ್ಲ ಬುದ್ಧಿ ಹೇಳುತ್ತಿದ್ದವನು, ತಂಗಿಯ ಶಾಲೆ ಎಂದೊಡನೆ ಹಿಗ್ಗಿ ಹೀರೇಕಾಯಿಯಾದ. ನೆಲ ಕನ್ನಡಿಯಂತೆ ಹೊಳೆಯಲಿ ಎಂದು ವಾರ್ನಿಶ್ ಬಳಿದ. ಮೊದಲು ಥಿನ್ನರ್‌ನಿಂದ ಮರದ ಎಣ್ಣೆ ಒರೆಸದಿದ್ದರೆ ವಾರ್ನಿಶ್ ಒಣಗದು ಎಂಬುದು ಸಂಭ್ರಮದಲ್ಲಿ ಮರೆತೇ ಹೋಯಿತು.

ಮೊದಲ ತರಗತಿಯ ಬೆಳಿಗ್ಗೆ ತಂಗಿ ಒಳಗೆ ಕಾಲಿಟ್ಟಳು. ಇಟ್ಟ ಕಾಲು ಮೇಲೆ ಬರಲೊಲ್ಲದು.

"ಅಣ್ಣಾ, ಇದು ನೆಲವೋ ಹಲಸಿನ ಮೇಣವೋ?"

ಅಣ್ಣನ ಮುಖ ಹಿಂಡಿದ ಬಟ್ಟೆಯಂತಾಯಿತು. ಅವನ ಹೆಂಡತಿ ಬಾಗಿಲಲ್ಲೇ ನಿಂತು, "ನವಿಲಿಗೆ ನೀವೇ ಸೀರೆ ಉಡಿಸಿಬಿಟ್ರಾ?" ಎಂದಳು.

"ಬಿಚ್ಚೋಣ ಬಾರೇ. ಮಾತು ಆಮೇಲೆ, ಹಳೇ ಬಟ್ಟೆ ತಾ."

ಅಷ್ಟರಲ್ಲಿ ಮಕ್ಕಳೂ ಹೆತ್ತವರೂ ಬಂದರು. ಇವತ್ತು ವಾಪಸು ಕಳಿಸಿದರೆ ನಾಳೆ ಯಾರು ಬಂದಾರು? ತಂಗಿ ಸೆರಗು ಸಿಕ್ಕಿಸಿದಳು. "ಇವತ್ತಿನ ಪಾಠ ಇದೇ! ದೊಡ್ಡವರು ಒಳಗೆ, ಚಿಕ್ಕವರು ಅಂಗಳದಲ್ಲಿ."

ಕಿಟಕಿ ತೆರೆದು ದೊಡ್ಡವರು ಮಂಡಿಯೂರಿದರು. ವಾರ್ನಿಶ್ ಕೆರೆದರು, ಥಿನ್ನರ್ ಹಾಕಿ ಒರೆಸಿದರು. ಒಬ್ಬ ತಂದೆ, "ಮನೇಲಿ ಲೋಟ ಎತ್ತಿಡದೋನು ನಾನು" ಎಂದು ಗೊಣಗಿದ. "ಅದಕ್ಕೇ ಇವತ್ತು ನೋಡೋಕೆ ಚೆನ್ನಾಗಿದೆ" ಎಂದಳು ಅವನ ಹೆಂಡತಿ. ಅಂಗಳದಲ್ಲಿ ಮಕ್ಕಳು ತಾಳ ಹಾಕುತ್ತಿದ್ದರು, ಕೆರೆಯುವ ಕೈಗಳೂ ಆ ತಾಳಕ್ಕೇ ಬಂದವು.

ವಾಸನೆ ಹೋಗಿ ನೆಲ ಒಣಗಿದ ಮೇಲೆ ಮಕ್ಕಳ ಕಾಲಿಗೆ ಬಟ್ಟೆ ಕಟ್ಟಿದರು. "ಬಲ, ಎಡ, ಜಾರು!" ಎಂದು ತಂಗಿ ಕೂಗಿದಳು. ಜಾರಿದರು, ಬಿದ್ದರು, ಎದ್ದು ಮತ್ತೆ ಜಾರಿದರು. ಅವರು ಉಜ್ಜಿದಲ್ಲೆಲ್ಲ ಮರದ ಜೇನುಬಣ್ಣ ಎದ್ದು ಬಂತು. ಇಂಥ ಮೆರುಗು ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ.

ನಡುವೆ ಜಾಗ ಬಿಡಿಸಿಕೊಂಡು ತಂಗಿ ಒಮ್ಮೆ ನೆಗೆದಳು. ಎಲ್ಲರ ಕಣ್ಣು ಅವಳ ಮಂಡಿಯ ಮೇಲೆ. ಹಲಗೆ ಮೆಲ್ಲಗೆ ಬಾಗಿ ಅವಳನ್ನು ಮೇಲಕ್ಕೆ ಕಳಿಸಿತು. ಇನ್ನೊಮ್ಮೆ ನೆಗೆದಳು, ಮತ್ತೂ ಎತ್ತರಕ್ಕೆ.

"ನೋವಾಯ್ತೇನೇ?" ಅಣ್ಣ ಕೇಳಿದ.

"ಇಲ್ಲ. ಬಾಯಿ ಬಿಟ್ಕೊಂಡು ನಿಲ್ಲಬೇಡ, ನೀನೂ ಕಾಲಿಗೆ ಬಟ್ಟೆ ಕಟ್ಕೋ. ಆ ಮೂಲೆ ಇನ್ನೂ ಹಾಗೇ ಇದೆ."